ಬೊಮ್ಮಿ ಬೇರೆ ಮಾಡಿದ ಬೀಜ

ಬೊಮ್ಮಿಯ ಬಾಯಿಂದ ಒಂದು ಮೆತ್ತಗಿನ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಅವಳನ್ನು ಮೆಚ್ಚಿಸಲು ಇದನ್ನು ಬರೆಯುತ್ತಿಲ್ಲ. ಯಾರಾದರೂ ಓದಿ ಹೇಳಿದರೆ ನನ್ನನ್ನೇ ಬೈಯುವವಳು ಅವಳು.

ಅಂಕೋಲಾ ಪೇಟೆಯಿಂದ ನಾಲ್ಕು ಮೈಲಿ ಒಳಗೆ ಅವಳ ಊರು. ಗಂಡ ಜಟ್ಟು ಗದ್ದೆ ಮಾಡುತ್ತಾನೆ, ಗದ್ದೆಯ ಕೆಲಸ ಮುಗಿದ ಮೇಲೆ ಕೂಲಿಗೆ ಹೋಗುತ್ತಾನೆ, ಹೆಂಡತಿಯ ಎದುರು ಮಾತು ಕಡಿಮೆ. ಹತ್ತೊಂಬತ್ತನೇ ವಯಸ್ಸಿಗೆ ಬೊಮ್ಮಿ ಮಂಗೇಶ ಸಾವ್ಕಾರರ ಗೇರುಬೀಜದ ಫ್ಯಾಕ್ಟರಿ ಸೇರಿದಳು. ಮೊದಲ ಆರು ವರ್ಷ ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ತಾಗಿ ಬೆರಳುಗಳೆಲ್ಲ ಕರಕಾಗಿ, ಊಟ ಮಾಡುವಾಗ ಸಾರಿನ ಉಪ್ಪು ತಾಗಿದರೂ ಉರಿ. ಆಮೇಲೆ ಗ್ರೇಡಿಂಗ್ ಮೇಜಿಗೆ ಬಂದಳು. ಸುಲಿದ ಬೀಜವನ್ನು ಗಾತ್ರ ನೋಡಿ, ಬಣ್ಣ ನೋಡಿ, ಇಡಿಯದ್ದು ಬೇರೆ, ಅರೆ ಬೇರೆ, ತುಂಡು ಬೇರೆ ಎಂದು ವಿಂಗಡಿಸುವ ಕೆಲಸ. ಅಲ್ಲಿ ಇಪ್ಪತ್ತು ವರ್ಷ ಕೂತಳು.

ನಾನು ಕಾರವಾರದ ಹತ್ತಿರದ ಕದ್ವಾಡದವಳು. ಅಂಕೋಲೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಭಾರತ ಯಾವ ಯಾವ ಸರಕನ್ನು ಹೊರದೇಶಕ್ಕೆ ಕಳಿಸುತ್ತದೆ, ಯಾವ ದೇಶ ನಮ್ಮಿಂದ ಹೆಚ್ಚು ಕೊಳ್ಳುತ್ತದೆ ಎಂಬ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಆ ದೇಶಗಳ ಬಗ್ಗೆ ಬೊಮ್ಮಿಗೆ ನನಗಿಂತ ಹೆಚ್ಚು ಗೊತ್ತಿತ್ತು. ನಕ್ಷೆ ನೋಡಿದವಳಲ್ಲ, ಆದರೆ ಒಂದೊಂದು ದೇಶದ ತಕರಾರು ಅವಳಿಗೆ ಬಾಯಿಪಾಠ. "ಜಪಾನಿನವ್ರಿಗೆ ಒಂದು ಚುಕ್ಕೆ ಇದ್ರೂ ಆಗೂದಿಲ್ಲ. ದುಬಾಯಿಯವ್ರಿಗೆ ದಪ್ಪದ್ದೇ ಬೇಕು. ಅಮೆರಿಕದವ್ರು ಅರೆಬೀಜನೂ ತಕಂತ್ರು. ಹಾಲೆಂಡಿನವ್ರು ಡಬ್ಬಿ ಬಿಚ್ಚಿ ಮೊದ್ಲು ಮೂಸಿ ನೋಡ್ತ್ರು." ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತಾಗ ಇದನ್ನು ಅವಳು ನನಗೆ ಹೇಳಿದ್ದು ಪ್ರೀತಿಯಿಂದಲ್ಲ. "ನೀವು ಮಕ್ಳಿಗೆ ಎಂತ ಕಲಿಸ್ತ್ರಿ ಮಣ್ಣು" ಎಂದು ಹಂಗಿಸಲು.

ಎರಡು ಸಾವಿರದ ಇಪ್ಪತ್ತೈದರ ಮಳೆಗಾಲದಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಸುಂಕ ಏರಿಸಿತು. ಮಂಗೇಶರ ಬೀಜ ಹೆಚ್ಚು ಹೋಗುತ್ತಿದ್ದದ್ದು ಅಲ್ಲಿಗೇ. ಒಂದರ ಹಿಂದೆ ಒಂದು ಆರ್ಡರ್ ನಿಂತಿತು. ಒಡೆಯುವ ವಿಭಾಗಕ್ಕೆ ವಾರದಲ್ಲಿ ಮೂರೇ ದಿನ ಕೆಲಸ ಎಂದಾಯಿತು. ಆಗ ಕೈಹಿಡಿದದ್ದು ಹಾಲೆಂಡಿನ ಒಂದು ಕಂಪನಿ. ಅವರ ಷರತ್ತು ಒಂದೇ: ಬೀಜ ಅಂಕೋಲೆಯ ಗುಡ್ಡದ್ದೇ ಆಗಿರಬೇಕು, ಪ್ರತಿ ಡಬ್ಬಿಯ ಮೇಲೆ ಬೆಳೆದ ರೈತನ ಹೆಸರಿರಬೇಕು. ಅಷ್ಟಾದರೆ ಬೇರೆಯವರಿಗಿಂತ ಒಳ್ಳೆಯ ದರ.

ಆದರೆ ಆ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿದು ಗುಡ್ಡದ ಬೀಜ ಅರ್ಧ ಮುಗ್ಗಲಾಗಿತ್ತು. ಮಂಗೇಶರ ಅಳಿಯ ವಿಕಾಸ ಫ್ಯಾಕ್ಟರಿಯ ಮ್ಯಾನೇಜರ್. ಕಾರವಾರದಲ್ಲಿ ಓದಿದವನು, ಚುರುಕಿನವನು. ಕಮ್ಮಿ ಬಿದ್ದ ಬೀಜಕ್ಕೆ ಅವನು ಆಫ್ರಿಕಾದಿಂದ ಹಡಗಿನಲ್ಲಿ ಬಂದ ಬೀಜ ಸೇರಿಸಿದ. ಆಫ್ರಿಕಾದ ಬೀಜ ತಂದು ಸುಲಿದು ಮಾರುವುದು ತಪ್ಪಲ್ಲ, ಕರಾವಳಿಯ ಎಷ್ಟೋ ಫ್ಯಾಕ್ಟರಿಗಳು ನಡೆಯುವುದೇ ಅದರಿಂದ. ಅದರ ಮೇಲೆ ಅಂಕೋಲೆಯ ರೈತನ ಹೆಸರು ಅಂಟಿಸಿದ್ದು ತಪ್ಪು. ಗ್ರೇಡಿಂಗ್ ಮೇಜಿನ ಹೆಂಗಸರಿಗೆ ಮೊದಲ ದಿನವೇ ಗೊತ್ತಾಯಿತು. ಯಾರೂ ಬಾಯಿಬಿಡಲಿಲ್ಲ. ಬೊಮ್ಮಿಯೂ ಬಿಡಲಿಲ್ಲ.

ಮೊದಲ ಕಂಟೇನರ್ ಹೋಗಿ ತಲುಪಿದ ಮೇಲೆ ಹಾಲೆಂಡಿನಿಂದ ದೂರು ಬಂತು. ಒಂದೇ ಡಬ್ಬಿಯಲ್ಲಿ ಎರಡು ತರದ ಬೀಜ, ಕೆಲವಕ್ಕೆ ಹಳೆ ವಾಸನೆ. ಬಂದು ಪರೀಕ್ಷೆ ಮಾಡುತ್ತೇವೆ ಎಂದರು. ವಿಕಾಸ ಅದೇ ದಿನ ಗ್ರೇಡಿಂಗ್ ಮೇಜಿಗೆ ಬಂದು, ಎಲ್ಲರಿಗಿಂತ ಹಿರಿಯಳಾದ ದುರ್ಗಿಯನ್ನು ಎಬ್ಬಿಸಿ ನಿಲ್ಲಿಸಿದ.

"ಕಣ್ಣು ಕಾಣೂದಿಲ್ಲ ಅಂದ್ರೆ ಮನೇಲಿ ಕೂತ್ಕೊಬೇಕು. ನಿನ್ನಿಂದ ಕಂಪನಿ ಮರ್ಯಾದೆ ಹೋಯ್ತು. ನಾಳೆಯಿಂದ ಬರೂದು ಬೇಡ."

ದುರ್ಗಿ ಅಳುತ್ತ ಸೆರಗಿನಲ್ಲಿ ಬುತ್ತಿ ಡಬ್ಬಿ ಸುತ್ತಿಕೊಂಡು ಹೋದಳು. ಅವಳು ಜಟ್ಟುವಿನ ಅಕ್ಕ, ಅಂದರೆ ಬೊಮ್ಮಿಯ ನಾದಿನಿ. ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. ಹಿತ್ತಿಲಿನ ಬೇಲಿಯ ಜಗಳ. ಒಂದೇ ಮೇಜಿಗೆ ಕೂತು ಕೆಲಸ ಮಾಡುತ್ತಿದ್ದರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೂ ಬೊಮ್ಮಿ ಎದ್ದಳು.

"ವಿಕಾಸ ಸರ್ರೆ, ಬೀಜ ಕಲಸಿದ್ದು ಅವಳಾ?"

"ನಿನ್ನನ್ನ ಯಾರು ಕೇಳಿದ್ರು? ಕೂತ್ಕೋ."

"ಕೂತ್ಕಂತೆ. ಅವ್ರು ಬರ್ಲಿ."

ವಿಕಾಸನಿಗೆ ಆ ಮಾತು ಬೆದರಿಕೆ ಅನ್ನಿಸಲಿಲ್ಲವೇನೋ. ನಕ್ಕುಬಿಟ್ಟ.

ಅಕ್ಟೋಬರಿನಲ್ಲಿ ಹಾಲೆಂಡಿನ ಕಂಪನಿಯ ಇನ್‌ಸ್ಪೆಕ್ಟರ್ ಬಂದರು. ಡಚ್ಚರಲ್ಲ, ಕೊಚ್ಚಿಯವರು. ಕನ್ನಡ ಬಾರದು. ಕೆಲಸದವರೊಂದಿಗೆ ನೇರವಾಗಿ ಮಾತಾಡಬೇಕು ಎಂಬುದು ಅವರ ನಿಯಮ. ಹಾಗಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಲು ಒಬ್ಬರು ಬೇಕಾಯಿತು. ಮಂಗೇಶರು ನಮ್ಮ ಪ್ರಿನ್ಸಿಪಾಲರಿಗೆ ಹೇಳಿದರು, ಪ್ರಿನ್ಸಿಪಾಲರು ನನಗೆ. ಫ್ಯಾಕ್ಟರಿಯ ಬಾಗಿಲಲ್ಲೇ ಮಂಗೇಶರು ನನ್ನನ್ನು ಪಕ್ಕಕ್ಕೆ ಕರೆದರು.

"ನಾಗಶ್ರೀ ಬಾಯಿ, ಈ ಹೆಂಗಸ್ರ ಮಾತು ಒರಟು. ಇದ್ದ ಹಾಗೇ ಹೇಳಿದ್ರೆ ಹೊರಗಿನವ್ರಿಗೆ ತಪ್ಪು ತಿಳೀತದೆ. ಸ್ವಲ್ಪ ನಯ ಮಾಡಿ ಹೇಳಿ. ಎಂಬತ್ತು ಮನೆ ಈ ಫ್ಯಾಕ್ಟರಿ ಮೇಲೆ ನಿಂತದೆ."

ನಾನು ತಲೆಯಾಡಿಸಿದೆ. ಎಂಬತ್ತು ಮನೆ ಎಂದದ್ದು ಸುಳ್ಳಲ್ಲವಲ್ಲ.

ಇನ್‌ಸ್ಪೆಕ್ಟರ್ ಮೊದಲು ಮೂರು ಜನರನ್ನು ಕೇಳಿದರು. ಎಲ್ಲ ಇಲ್ಲಿಯ ಬೀಜವೇ, ಎಂದರು ಅವರು. ನಾಲ್ಕನೆಯವಳು ಬೊಮ್ಮಿ. ಬೀಜ ಎಲ್ಲಿಯದು ಎಂದು ಕೇಳಿದಾಗ ಅವಳು ವಿಕಾಸನ ಕಡೆ ಬೆರಳು ತೋರಿಸಿದಳು.

"ಇವ ಕಳ್ಳ. ಹಡಗಿನ ಬೀಜ ಕಲಸಿ ನಮ್ಮ ಊರವ್ರ ಹೆಸ್ರು ಹಾಕ್ಯ. ಸಿಕ್ಕಿಬಿದ್ದ ಮೇಲೆ ಮುದುಕಿ ತಲೆ ಮೇಲೆ ಹೊರ್ಸ್ಯ. ಹೇಳಿ ಅವ್ರಿಗೆ."

ವಿಕಾಸನ ಮುಖ ಕೆಂಪಾಯಿತು. ಮಂಗೇಶರು ನನ್ನನ್ನೇ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಬೀಜ ಬರುವ ದಾರಿಯಲ್ಲಿ ಎಲ್ಲೋ ಸ್ವಲ್ಪ ಮಿಶ್ರಣ ಆಗಿರಬಹುದು ಎಂದು ಇವಳಿಗೆ ಅನ್ನಿಸುತ್ತದೆ.

ಇನ್‌ಸ್ಪೆಕ್ಟರ್ ತಲೆಯಾಡಿಸಿ ಏನೋ ಬರೆದುಕೊಂಡರು. ಬೊಮ್ಮಿ ಅವರ ಮುಖ ನೋಡಿದಳು. ಕಳ್ಳ ಎಂಬ ಮಾತು ಕೇಳಿದವರ ಮುಖ ಅದಲ್ಲ ಎಂದು ಅವಳಿಗೆ ತಿಳಿಯಿತು. ನನ್ನ ಕಡೆ ತಿರುಗಿದಳು. ಆ ನೋಟವನ್ನು ಹೇಗೆ ಹೇಳಲಿ, ವಿಕಾಸನನ್ನು ನೋಡಿದ್ದಕ್ಕಿಂತ ಕೆಟ್ಟದಾಗಿತ್ತು.

"ನೀವೂ ಅವ್ರ ಪೈಕಿಯೇ" ಎಂದಳು.

ಪ್ಯಾಕಿಂಗಿಗೆ ತಯಾರಾಗಿ ಇಟ್ಟಿದ್ದ ಒಂದು ಟ್ರೇ ಎಳೆದು ಮೇಜಿನ ಮೇಲೆ ಸುರಿದಳು. ಎರಡೂ ಕೈಯಿಂದ ವಿಂಗಡಿಸತೊಡಗಿದಳು. ಬೀಜ ಬಲಕ್ಕೆ ಹೋಗುತ್ತಿತ್ತು, ಎಡಕ್ಕೆ ಹೋಗುತ್ತಿತ್ತು, ಕೈ ಎಲ್ಲೂ ನಿಲ್ಲಲಿಲ್ಲ. ಎರಡು ಗುಡ್ಡೆಯಾದ ಮೇಲೆ ಬಲದ್ದನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಎಡದ್ದನ್ನು ತೋರಿಸಿ, ಸಮುದ್ರ ಇರುವ ಕಡೆಗೆ ಕೈ ಮಾಡಿದಳು. ಅದಕ್ಕೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

"ಇದೆಲ್ಲ ನಾಟಕ" ಎಂದು ವಿಕಾಸ ಇಂಗ್ಲಿಷಿನಲ್ಲೇ ಹೇಳಿದ. "ಸುಲಿದ ಬೀಜ ನೋಡಿ ದೇಶ ಹೇಳಲು ಯಾರಿಂದಲೂ ಆಗುವುದಿಲ್ಲ."

ಇನ್‌ಸ್ಪೆಕ್ಟರ್ ಬ್ಯಾಗಿನಿಂದ ಮೂರು ಚಿಕ್ಕ ಪೊಟ್ಟಣ ತೆಗೆದರು. ಅವರೇ ತಂದುಕೊಂಡಿದ್ದು, ಮೇಲೆ ನಂಬರ್ ಬಿಟ್ಟರೆ ಏನೂ ಇಲ್ಲ. ಮೂರರಿಂದಲೂ ಒಂದೊಂದು ಹಿಡಿ ಬೇರೆ ಬೇರೆ ಕಾಗದದ ಮೇಲೆ ಹಾಕಿ ಬೊಮ್ಮಿಯ ಮುಂದೆ ಇಟ್ಟರು.

ಅವಳು ಮೊದಲನೆಯದನ್ನು ಬೆಳಕಿಗೆ ಹಿಡಿದು ನೋಡಿದಳು. "ಹಡಗಿಂದು." ಎರಡನೆಯದನ್ನು ಕೈಯಲ್ಲಿ ಉರುಳಿಸಿದಳು. "ನಮ್ದು." ಮೂರನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಒಂದನ್ನು ಕಚ್ಚಿ ಅಗಿದಳು, ಮತ್ತೊಂದನ್ನು ಮುರಿದು ಮೂಸಿದಳು. "ಇದೂ ನಮ್ಮ ಕಡೇದೇ. ಆದ್ರೆ ಈ ವರ್ಷದ್ದಲ್ಲ. ಹೋದ ವರ್ಷದ್ದು."

ಈ ಸಲ ನಾನು ಒಂದಕ್ಷರ ಬದಲಿಸದೆ ಹೇಳಿದೆ. ಇನ್‌ಸ್ಪೆಕ್ಟರ್ ತಮ್ಮ ಚೀಟಿ ತೆಗೆದು ನಂಬರ್ ನೋಡಿದರು. ಚೀಟಿಯನ್ನು ಮಂಗೇಶರ ಕೈಗೆ ಕೊಟ್ಟರು. ಹಿಂದಿನ ಗೋದಾಮು ತೆರೆಸಿ ಎಂದರು. ಬೀಗದ ಕೈ ಇಲ್ಲ ಎಂದ ವಿಕಾಸ. ಹಾಗಾದರೆ ಕಾಯುತ್ತೇನೆ ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆಯಲ್ಲಿ ಕೈ ಸಿಕ್ಕಿತು. ಒಳಗೆ ಆಫ್ರಿಕಾದ ಬಂದರಿನ ಮುದ್ರೆ ಇರುವ ಗೋಣಿಚೀಲಗಳು ಮಾಡಿನವರೆಗೆ ಇದ್ದವು.

ಹಾಲೆಂಡಿನವರು ಆರ್ಡರ್ ರದ್ದು ಮಾಡಿದರು. ಅಮೆರಿಕದ್ದು ಮೊದಲೇ ನಿಂತಿತ್ತು. ವಾರ ಕಳೆಯುವುದರೊಳಗೆ ಫ್ಯಾಕ್ಟರಿಯ ಗೇಟಿಗೆ ಬೀಗ ಬಿತ್ತು.

ಮರುದಿನ ಬೆಳಿಗ್ಗೆ ಇಪ್ಪತ್ತು ಹೆಂಗಸರು ಬೊಮ್ಮಿಯ ಅಂಗಳಕ್ಕೆ ಬಂದರು. ಎಲ್ಲರ ಮುಂದೆ ದುರ್ಗಿ. ಇದನ್ನು ನನಗೆ ಹೇಳಿದವಳು ಅವರಲ್ಲೇ ಒಬ್ಬಳು, ಪ್ಯಾಕಿಂಗಿನ ರೂಪಾ.

"ಯಾರಿಗೆ ಒಳ್ಳೇದು ಮಾಡೂಕೆ ಹೋದ್ಯೆ ನೀನು?" ಎಂದು ದುರ್ಗಿ ಕೂಗಿದಳಂತೆ.

"ನಿನ್ನ ಮೇಲೆ ಸುಳ್ಳು ಅಪವಾದ ಹೊರ್ಸಿದ್ದ ಅವ."

"ಹೊರ್ಸ್ಲಿ! ತಪಾಸಣೆ ಮುಗಿದ ಮೇಲೆ ವಾಪಸ್ ತಕಂತೆ, ಸುಮ್ನಿರು ಅಂದಿದ್ದ. ನಾನು ಸುಮ್ನಿದ್ದೆ. ನಿಂಗೆ ಸುಮ್ನಿರೂಕೆ ಎಂತ ರೋಗ? ಮೂರು ವರ್ಷ ಮಾತಿಲ್ಲ, ಈಗ ನನ್ನ ಹೆಸ್ರು ಹೇಳಿ ಎಲ್ಲರ ಅನ್ನ ಕಿತ್ತೆ."

"ನಿನ್ನ ಸಲುವಾಗಿ ಅಲ್ಲ ನಾ ಹೇಳಿದ್ದು" ಎಂದಳು ಬೊಮ್ಮಿ. "ನೀ ಸತ್ರೂ ನಂಗೆ ಎಂತ ಇಲ್ಲ. ನನ್ನ ಮೇಜಿನ ಮೇಲೆ ಸುಳ್ಳು ಹೇಳ್ಯ ಅವ. ಇಪ್ಪತ್ತು ವರ್ಷ ನಾನು ಕಲಸಿ ಕಳ್ಸಿದವಳಲ್ಲ."

"ಮೇಜು ನಿನ್ನಪ್ಪಂದಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಒಬ್ಬಳು ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿಯ ಚಾಪೆಯನ್ನು ಕಾಲಿನಿಂದ ಮಗುಚಿದಳು. ಜಟ್ಟು ಹೊರಗೆ ಬಂದು, "ಸಾಕು, ಹೋಗ್ರೆ" ಎಂದ. ಅಷ್ಟೇ ಅವನ ಮಾತು. ಅವರು ಹೋದರು. ಬೊಮ್ಮಿ ಕೂತು ಮೆಣಸಿನಕಾಯಿ ಆರಿಸಿಕೊಂಡಳು.

ಅಲ್ಲಿಂದ ಮುಂದೆ ಊರು ಅವಳೊಂದಿಗೆ ಮಾತು ಬಿಟ್ಟಿತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದರು. ಸ್ವಸಹಾಯ ಸಂಘದ ಸಭೆಗೆ ಅವಳನ್ನು ಕರೆಯಲಿಲ್ಲ. ಗದ್ದೆ ಕೊಯ್ಲಿಗೆ ಜಟ್ಟುವಿನ ಮನೆಗೆ ಆಳು ಬರಲಿಲ್ಲ, ಗಂಡ ಹೆಂಡತಿ ಇಬ್ಬರೇ ಹದಿನೈದು ದಿನ ಕೊಯ್ದರು. ಆಗ ಅವಳಿಗೆ ಅಳು ಬಂತೇ ಎಂದು ಒಮ್ಮೆ ಜಟ್ಟುವನ್ನು ಕೇಳಿದೆ. "ಅಳೂದಿಲ್ಲ ಅವ್ಳು" ಎಂದ. ಮತ್ತೆ, "ನಿದ್ದೆಲಿ ಕೈ ಆಡ್ತದೆ. ಬೀಜ ಆರ್ಸಿದ ಹಾಗೆ" ಎಂದ.

ಬೀಜ ಬೆಳೆದ ರೈತರಾದರೂ ಅವಳ ಪರ ನಿಲ್ಲಬಹುದಿತ್ತು. ಸುಳ್ಳಾಗಿ ಅಂಟಿಸಿದ್ದು ಅವರ ಹೆಸರನ್ನೇ ಅಲ್ಲವೇ. ಯಾರೂ ಬರಲಿಲ್ಲ. ಮುಂದಿನ ವರ್ಷ ಬೀಜ ಮಾರಬೇಕಾದದ್ದು ಮಂಗೇಶರಿಗೇ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಆ ವರ್ಷದ ಕೊನೆಗೆ ಅಮೆರಿಕ ಗೇರುಬೀಜದ ಮೇಲಿನ ಸುಂಕ ಇಳಿಸಿತು. ಫ್ಯಾಕ್ಟರಿಯ ಗೇಟು ತೆರೆಯಿತು. ಎಲ್ಲರನ್ನೂ ವಾಪಸ್ ಕರೆದರು, ದುರ್ಗಿಯನ್ನೂ. ವಿಕಾಸನಿಗೆ ಏನೂ ಆಗಲಿಲ್ಲ, ಅದೇ ಕುರ್ಚಿಯಲ್ಲಿದ್ದಾನೆ. ಬೊಮ್ಮಿ ಒಂದು ದಿನ ಗೇಟಿನವರೆಗೆ ಹೋದಳು. ವಾಚ್‌ಮನ್ ಅವಳನ್ನು ನೋಡಿ ಗೇಟು ಎಳೆದುಕೊಂಡ. ಅವಳು ಅಲ್ಲೇ ನಿಂತು ಮಂಗೇಶರ ಕಾರು ಹೊರಗೆ ಬರುವವರೆಗೆ ಕಾದಳು. ಕಾರು ಬಂದಾಗ ದಾರಿ ಬಿಡಲಿಲ್ಲ. ಮಂಗೇಶರು ಗಾಜು ಇಳಿಸಿದರು.

"ನಿನ್ನ ಕೈ ಒಳ್ಳೇದು ಬೊಮ್ಮಿ. ಬಾಯಿ ಒಳ್ಳೇದಲ್ಲ."

"ನನ್ನ ಬಾಯಿಂದ ಎಂತ ಆಗ್ಲಿಲ್ಲ ಸಾವ್ಕಾರ್ರೆ. ಕೈಯಿಂದಲೇ ಆದದ್ದು" ಎಂದು ಅವಳು ಪಕ್ಕಕ್ಕೆ ಸರಿದಳು.

ಈಗ ಅವಳು ಅಂಕೋಲಾ ಪೇಟೆಯಲ್ಲಿ ತುಳಸಿದಾಸ ಎಂಬವರ ಅಂಗಡಿಯಲ್ಲಿದ್ದಾಳೆ. ಗೇರುಬೀಜ, ಹಪ್ಪಳ, ಕೋಕಂ ಮಾರುವ ಅಂಗಡಿ. ಹಿಂದಿನ ಕೋಣೆಯಲ್ಲಿ ಬೀಜ ಆರಿಸುತ್ತಾಳೆ, ಮಧ್ಯಾಹ್ನ ತುಳಸಿದಾಸರು ಊಟಕ್ಕೆ ಹೋದಾಗ ಗಲ್ಲಾದಲ್ಲಿ ಕೂರುತ್ತಾಳೆ. ಗೋವೆಗೆ ಹೋಗುವ ಪ್ರವಾಸಿಗರು ಹೆದ್ದಾರಿಯಿಂದ ಇಳಿದು ಬಂದು, "ಇದು ಲೋಕಲ್ ಮಾಲಾ?" ಎಂದು ಕೇಳಿದರೆ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುತ್ತಾಳೆ. ತುಳಸಿದಾಸರು ಇದಕ್ಕಾಗಿ ದಿನವೂ ಅವಳೊಂದಿಗೆ ಜಗಳವಾಡುತ್ತಾರೆ. ಕೆಲಸ ಬಿಡಿಸುವುದಿಲ್ಲ, ಅವಳಷ್ಟು ಬೇಗ ಆರಿಸುವವರು ಪೇಟೆಯಲ್ಲಿ ಬೇರೆ ಇಲ್ಲ.

ಹೋದ ತಿಂಗಳು ಕಾಲೇಜು ಬಿಟ್ಟ ಮೇಲೆ ಆ ಅಂಗಡಿಗೆ ಹೋದೆ. ಮೂರು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದವಳು ಅಂದು ಒಳಗೆ ಹೊಕ್ಕೆ. ಬೇರೆ ಹೆಂಗಸರೆಲ್ಲ ನನ್ನನ್ನು ಅಕ್ಕೋರೆ ಎಂದು ಕರೆಯುತ್ತಾರೆ. ಬೊಮ್ಮಿ ಏನೂ ಕರೆಯಲಿಲ್ಲ, ತಲೆ ಎತ್ತಿ ನೋಡಿದಳು ಅಷ್ಟೇ.

"ಅವತ್ತು ನಾನು ನಿನ್ನ ಮಾತು ಬದಲಿಸಿ ಹೇಳಿದೆ, ಬೊಮ್ಮಿ. ತಪ್ಪಾಯ್ತು."

"ಗೊತ್ತು."

"ಎಂಬತ್ತು ಮನೆ ಅಂತ ಅಂದ್ರು ಮಂಗೇಶರು. ನಾನು ಹೆದರಿದೆ."

"ಅವ್ರು ಎಂಬತ್ತು ಮನೆ ಅಂದ್ರು. ಅದ್ರಲ್ಲಿ ನಂದೂ ಒಂದು ಇತ್ತು." ಕಾಗದದ ಪೊಟ್ಟಣ ಬಿಡಿಸಿ ತಕ್ಕಡಿಯ ಮೇಲೆ ಇಟ್ಟಳು. "ನೀವು ತಪ್ಪಾಯ್ತು ಅಂದ್ರೆ ನಾ ಎಂತ ಹೇಳ್ಬೇಕು? ಆಗ್ಲಿ ಅನ್ಬೇಕಾ? ಅನ್ನೂದಿಲ್ಲ. ಅರ್ಧ ಕೇಜಿ ಬೇಕಾ, ಕಾಲು ಕೇಜಿ ಬೇಕಾ? ಬೇಗ ಹೇಳಿ, ಹಿಂದೆ ಗಿರಾಕಿ ನಿಂತ್ರು."

ಅರ್ಧ ಕೇಜಿ ಎಂದೆ. ಅವಳು ತೂಗಿ ಕಟ್ಟಿ ಕೊಟ್ಟು, ಹಿಂದಿನವನ ಕಡೆಗೆ ತಿರುಗಿದಳು.