ಅಂಗೈ ಕೆಳಗಿನ ನಕ್ಷತ್ರಗಳು

ನನಗೆ ಅರ್ಥಶಾಸ್ತ್ರದ ಸಂಶೋಧನೆ ಕಲಿಸಿದ ಮೇಡಂ, ತ್ಯಾಗರಾಜನಗರದ ತಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ನಮ್ಮ ಕೋಷ್ಟಕಗಳನ್ನು ಹರಡಿಕೊಳ್ಳುತ್ತಿದ್ದರು. ಫಲಿತಾಂಶ ಬರೀ ಆಕಸ್ಮಿಕವಲ್ಲ ಎಂದು ಸೂಚಿಸಲು ಅಂಕಿಯ ಪಕ್ಕ ನಾವು ಒಂದರಿಂದ ಮೂರರವರೆಗೆ ಹಾಕಿದ ನಕ್ಷತ್ರಗಳನ್ನು ಮೊದಲು ಅಂಗೈಯಿಂದ ಮುಚ್ಚುತ್ತಿದ್ದರು. "ಸ್ಟಾರ್ ಇರ್ಲಿ, ಎಷ್ಟು ಅಂತ ಹೇಳಿ."

"ಹೊಸ ಬಸ್ಸಿಂದ ಗಾರ್ಮೆಂಟ್ಸ್ ಹೆಂಗಸರಿಗೆ ದಿನಕ್ಕೆ ಅರ್ಧ ನಿಮಿಷ ಉಳಿಯುತ್ತೆ. ಮೂರು ಸ್ಟಾರ್ ಮೇಡಂ!" ಎಂದು ಒಮ್ಮೆ ನನ್ನ ಪಿಎಚ್‌ಡಿ ಕೋಷ್ಟಕ ತೋರಿಸಿ ಬೀಗಿದೆ.

"ಅರ್ಧ ನಿಮಿಷದಲ್ಲಿ ಅವರೇನಮ್ಮ ಮಾಡ್ಬೇಕು?"

ಬಸ್ಸಿನಿಂದ ಹೇಳಿಕೊಳ್ಳುವಂಥ ಉಪಯೋಗವಾಗಿಲ್ಲ ಎಂದೇ ಪ್ರಬಂಧದಲ್ಲಿ ಬರೆದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು, "ಮೂರು ಸ್ಟಾರ್ ಇದ್ರೂ ಯಾಕೆ ಹೀಗೆ ಬರೆದ್ರಿ?" ಎಂದು ಗದರಿದರು. ನಾನು ಹತ್ತಿರ ಹೋಗಿ, ಅವರ ಪ್ರತಿಯಲ್ಲಿದ್ದ ನಕ್ಷತ್ರಗಳನ್ನು ಅಂಗೈಯಿಂದ ಮುಚ್ಚಿದೆ.

"ಈಗ ಓದಿ ಸಾರ್."

ಹಿಂದಿನ ಸಾಲಿನಲ್ಲಿದ್ದ ಮೇಡಂ ತಮ್ಮ ಅಂಗೈಯನ್ನೇ ನೋಡಿಕೊಂಡು ನಕ್ಕರು.