ಶೇಂಗಾ ಹಿಂಡಿ ರುಬ್ಬುತ್ತ ಕಲಿತ ಹಾಡು

ಅಂದು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ರೊಟ್ಟಿ ಬಡಿದು ಬುಟ್ಟಿಗೆ ಹಾಕಿದೆ. ಯಜಮಾನರು ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತರು. ಆ ಅರ್ಧ ಗಂಟೆ ನನ್ನದು. ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು, ಮಸ್ಕಿಯ ತವರಿನಿಂದ ತಂದ ಹಾರ್ಮೋನಿಯಂ ನೆಲಕ್ಕಿಟ್ಟು, ಮಿಕ್ಸರಿಗೆ ಶೇಂಗಾ ಸುರಿದೆ.

ಮಿಕ್ಸರ್ ತಿರುಗುವಷ್ಟು ಹೊತ್ತು ಹಾಡುತ್ತಿದ್ದೆ. ಒಂದು ಸುತ್ತಿಗೆ ಒಂದು ಸಾಲು. ಅದು ಬಿಸಿಯಾದರೆ ನಾನೂ ಸುಮ್ಮನೆ. ಎರಡು ತಿಂಗಳಿಂದ ಇದೇ ತಾಲೀಮು. ಕಪಾಟಿನ ತುಂಬ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಡಬ್ಬಿಗಳು. “ಏನವ್ವಾ, ಹಿಂಡಿ ಅಂಗಡಿ ತೆಗಿತೀಯೇನು?” ಎಂದು ಅತ್ತೆ ನಕ್ಕಿದ್ದರು. ಮರುದಿನ ಲಿಂಗಸುಗೂರಿನ ಮಠವೊಂದರಲ್ಲಿ ನಾನು ಮೊದಲ ಸಲ ಒಬ್ಬಳೇ ಕುಳಿತು ವಚನ ಹಾಡಬೇಕಿತ್ತು. ಭಜನಾ ಮಂಡಳಿಯ ಹೆಂಗಸರ ಜೊತೆ ಹಾಡುತ್ತೇನೆಂದು ಯಜಮಾನರು ತಿಳಿದಿದ್ದರು. ನಾನು ತಿದ್ದಿರಲಿಲ್ಲ.

ಹಾಡಿಗೆ ಮುಂಚಿನ ನಾಲ್ಕು ಮಾತನ್ನೂ ಮಿಕ್ಸರ್ ಸದ್ದಿನ ಮರೆಯಲ್ಲಿ ಎತ್ತರದ ದನಿಯಿಂದ ಅಭ್ಯಾಸ ಮಾಡುತ್ತಿದ್ದೆ. ಆಗಲೇ ಕರೆಂಟ್ ಹೋಯಿತು. ಮಿಕ್ಸರ್ ನಿಂತಿತು, ನನ್ನ ಬಾಯಿ ನಿಲ್ಲಲಿಲ್ಲ. “ಒಬ್ಬಳೇ ಹಾಡಲು ಅವಕಾಶ ಕೊಟ್ಟ ಪೂಜ್ಯರಿಗೆ ಶರಣು” ಎಂಬುದು ಮನೆಯೆಲ್ಲ ಕೇಳಿಸಿತು.

ಬಾಗಿಲು ಗೋಡೆಗೆ ಬಡಿಯಿತು. ಅವರ ಹಣೆಯ ವಿಭೂತಿ ಇನ್ನೂ ಹಸಿ. ಮೂರನೆಯ ಗೆರೆ ಹುಬ್ಬಿಗಿಳಿದಿತ್ತು.

“ಒಬ್ಬಾಕಿನ? ಯಾರನ್ನ ಕೇಳಿ ಒಪ್ಪಿದಿಲೇ?”

“ರೀ, ಮಠ ಐತ್ರೀ ಅದು…”

“ಗೊಬ್ಬರ ಒಯ್ಯಾಕ ಬಂದವ್ರೆಲ್ಲ ನಿನ್ನ ಹಾಡಿನ ಸುದ್ದಿ ತೆಗದ್ರ ಅಂಗಡ್ಯಾಗ ನಾ ಮಾರಿ ಎಲ್ಲಿಡ್ಲಿ?”

ನನ್ನ ಬಲಗೈ ಇನ್ನೂ ಕೀಗಳ ಮೇಲಿತ್ತು. ಮುಚ್ಚಳವನ್ನು ಕಾಲಿನಿಂದ ಕೆಡವಿ ಅದರ ಮೇಲೆ ತುಳಿದರು. ಮೂರು ಬೆರಳು ಒಳಗೇ ಉಳಿದವು. ನಾನು ಕಿರುಚುವ ಮೊದಲೇ ಹಾರ್ಮೋನಿಯಂ ಕಿರುಚಿತು. ಆಮೇಲೆ ಜಡೆ ಹಿಡಿದು ನನ್ನ ತಲೆಯನ್ನು ಗ್ಯಾಸ್ ಸಿಲಿಂಡರಿಗೆ ಬಡಿದರು, ಒಂದು ಸಲ, ಇನ್ನೊಂದು ಸಲ. ಖಾಲಿ ಸಿಲಿಂಡರ್, ಸದ್ದು ದೊಡ್ಡದಾಗಿತ್ತು. ಬಳಿಕ ಹೋಗಿ, ಪೂಜೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದರು. ಕರ್ಪೂರದ ವಾಸನೆ ಬಂತು. ರೊಟ್ಟಿ ಉಂಡು ಅಂಗಡಿಗೆ ನಡೆದರು.

ಅತ್ತೆ ಬೆರಳುಗಳಿಗೆ ಅರಿಶಿನ ಕಟ್ಟಿದರು. “ಬರಾಂಗಿಲ್ಲಂತ ಮಠಕ್ಕ ಫೋನ್ ಹಚ್ಚಿಬಿಡವ್ವಾ.”

ನಾನು ಎಡಗೈಯಲ್ಲಿ ಗುಂಡುಕಲ್ಲು ಹಿಡಿದು ಒರಳಿನಲ್ಲಿ ಕೆಂಪು ಮೆಣಸಿನಕಾಯಿ ಜಜ್ಜಿದೆ. ಪ್ರತಿ ಏಟಿಗೂ ಕಲ್ಲಿನಡಿ ಕಂಡದ್ದು ಯಜಮಾನರ ಬೆರಳುಗಳು. ಬೀಜ ಕಣ್ಣಿಗೆ ಸಿಡಿದರೂ ನಿಲ್ಲಿಸಲಿಲ್ಲ. ಜಜ್ಜುವುದು ಹಿತವಾಗಿತ್ತು. ಹಿತವಾದದ್ದಕ್ಕೇ ಹೆದರಿದೆ.

ಸಂಜೆ ಹಾರ್ಮೋನಿಯಂ ತೆರೆದೆ. ಕೀಲು ಕಿತ್ತು ಹೋಗಿ, ಕೀಗಳು ಕುಸಿದಿದ್ದವು. ಷಡ್ಜ ಮಾತ್ರ ಸರಿಯಾಗಿ ನುಡಿಯಿತು. ಕಸಬರಿಗೆಯ ಕಡ್ಡಿ ಮುರಿದು ಆ ಕೀಗೆ ಸಿಕ್ಕಿಸಿದೆ. ಅದು ಒತ್ತಿಕೊಂಡೇ ನಿಂತಿತು. ಚಿಕ್ಕಂದಿನಲ್ಲಿ ಹಾಡು ಕಲಿಸಿದ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಂತೆ ಬೆನ್ನು ನೇರ ಮಾಡಿ, ಎಡಗೈಯಿಂದ ತಿದಿ ಒತ್ತುತ್ತ, ಆ ಒಂದೇ ಸ್ವರದ ಮೇಲೆ ಎಲ್ಲ ವಚನಗಳನ್ನೂ ಬಿಡದೆ ಹಾಡಿದೆ. ಕರೆಂಟ್ ಬಂದಿತ್ತು, ಮಿಕ್ಸರಿನ ಸ್ವಿಚ್ ಮುಟ್ಟಲಿಲ್ಲ. ಬಾಗಿಲೂ ತೆರೆದಿತ್ತು. ಅದರ ಪಕ್ಕದಲ್ಲಿ ಬೆಳಗಿನ ಲಿಂಗಸುಗೂರು ಬಸ್ಸಿಗೆ ತುಂಬಿಟ್ಟ ಬ್ಯಾಗು.

ಹಿತ್ತಲ ಗೋಡೆಯಾಚೆ ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಾಯಲ್ಲಿದ್ದ ಕ್ಲಿಪ್ ಕೈಗೆ ತೆಗೆದುಕೊಂಡು ಹೇಳಿದಳು:

“ಅಕ್ಕಾರ, ಇವತ್ತ ಚಲೋ ಕೇಳ್ತು ನೋಡ್ರಿ. ದಿನಾ ಆ ಮಿಕ್ಸರ್ ಕಾಟಕ್ಕ ಕಡೀ ಸಾಲು ತಿಳಿತಿದ್ದಿಲ್ಲ.”