ಹುಳದ ಮನೆಯ ಹೊಸಿಲು

ಅಜ್ಜಿಯ ಅಂಗೈ ಬಿರುಕು ಬಿಟ್ಟು ಬೆಳ್ಳಗಾಗಿತ್ತು. ಅವಳು ಕೊಡುವ ತುತ್ತಿನಲ್ಲೂ ಹುಳದ ತಟ್ಟೆ ತೊಳೆಯುವ ಬ್ಲೀಚಿಂಗ್ ಪುಡಿಯ ವಾಸನೆ. ಮರಳವಾಡಿ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದೆವು. ಹುಳ ಇರುವಷ್ಟು ದಿನ ಹೊರಗಿನವರು ಒಳಗೆ ಬರುವಂತಿಲ್ಲ, ಹುಳಕ್ಕೆ ರೋಗ ತರುತ್ತಾರೆ. ಹುಳ ಸಾಕುವ ಎಲ್ಲ ಮನೆಗಳಲ್ಲೂ ಇದೇ ನಿಯಮ. ಅಜ್ಜಿ, ಅಂದರೆ ಅಪ್ಪನ ತಾಯಿ, ಈ ನಿಯಮವನ್ನೇ ಹಿಡಿದು ನನ್ನ ಅಮ್ಮನನ್ನು ಹೊರಗಿಟ್ಟಳು. ಯಾವ ಲಾಯರಿಗೂ ಹೊಳೆಯದ ಬುದ್ಧಿ ಅದು.

ಅಪ್ಪ ಅಮ್ಮನಿಗೆ ಡೈವೋರ್ಸ್ ಆದಾಗ ನನಗೆ ಎಂಟು ವರ್ಷ. ಜಡ್ಜ್ ಕೇಳಿದಾಗ ‘ಅಜ್ಜಿ ಹತ್ರಾನೇ ಇರ್ತೀನಿ’ ಎಂದವಳು ನಾನೇ; ಬಸ್ಸಿನುದ್ದಕ್ಕೂ ಅಜ್ಜಿ ಹೇಳಿಕೊಟ್ಟಿದ್ದಳು. ಅಮ್ಮ ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆಗೇ ಬಂದು ನನ್ನನ್ನು ನೋಡಬಹುದು ಎಂದು ಆರ್ಡರ್ ಆಯಿತು.

ತಾನಿದ್ದ ಕುದೂರಿನಿಂದ ಮೂರು ಬಸ್ಸು ಬದಲಿಸಿ ಅಮ್ಮ ಬರುತ್ತಿದ್ದಳು. ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

‘ಹುಳ ಐತೆ ಕಣಮ್ಮಿ, ಒಳಕ್ಕೆ ಬರಂಗಿಲ್ಲ.’

‘ಹಂಗಾದ್ರೆ ಮಗೀನ ಒಸಿ ಈಚೆಗೆ ಕಳ್ಸಿ.’

‘ಆರ್ಡರಲ್ಲಿ ಮನೇಲಿ ಅಂತ ಐತೆ. ಬೀದೀಲಿ ಅಂತಿಲ್ಲ.’

ಓದು ಬಾರದ ಅಜ್ಜಿಗೆ ಆ ಒಂದು ಸಾಲು ಬಾಯಿಪಾಠವಾಗಿತ್ತು. ಅಪ್ಪ ಒಳಗೆ ಟಿವಿ ನೋಡುತ್ತಿದ್ದ.

ಅದೇ ಅಜ್ಜಿ ನನಗೆ ಟೈಫಾಯ್ಡ್ ಬಂದಾಗ ಹದಿನೈದು ದಿನ ಮಗ್ಗುಲು ಬಿಟ್ಟು ಏಳಲಿಲ್ಲ. ನಾನು ಅವಳನ್ನು ತುಂಬಾ ಪ್ರೀತಿಸಿದೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯ.

ಒಂದು ಭಾನುವಾರ ಮನೆಯಲ್ಲಿ ಒಂದೂ ಹುಳ ಇರಲಿಲ್ಲ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ತೊಳೆದ ತಟ್ಟೆಗಳು ಹಿತ್ತಲಲ್ಲಿ ಒಣಗುತ್ತಿದ್ದವು. ಆದರೂ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಅದೇ ಮಾತು ಹೇಳಿದಳು. ಅಮ್ಮನಿಗೆ ಅನುಮಾನ ಬಂತು. ಅಜ್ಜಿಯ ಪಕ್ಕ ನಿಂತಿದ್ದ ನನ್ನನ್ನೇ ಕೇಳಿದಳು: ‘ನೀನು ಹೇಳು ಮಗಾ, ಹುಳ ಐತಾ?’

‘ಐತಮ್ಮ’ ಎಂದೆ.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಅಜ್ಜಿಗೆ ಖುಷಿಯಾಗಲಿ ಎಂದು ಹೇಳಿದೆ. ಅಮ್ಮ ತಂದಿದ್ದ ಹೂವಿನ ಫ್ರಾಕನ್ನು ಜಗಲಿಯ ಮೇಲಿಟ್ಟು ಹೋದಳು, ಮತ್ತೆ ಬರಲಿಲ್ಲ. ‘ಹೊರಗಿಂದು’ ಎಂದು ಅಜ್ಜಿ ಅದನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದಳು. ಹೂವೆಲ್ಲ ಬಿಳಿಚಿಕೊಂಡವು. ನಾನು ಅದನ್ನೇ ಹಾಕಿಕೊಂಡು ಸ್ಕೂಲಿಗೆ ಹೋದೆ.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಹುಳ ಸಾಕುವುದು ನಿಂತು ಎಷ್ಟೋ ಕಾಲವಾಗಿತ್ತು. ಮಣ್ಣು ಮಾಡಿದ ಮಾರನೆಯ ದಿನ ಅಮ್ಮನಿಗೆ ನಾನೇ ಫೋನ್ ಮಾಡಿ ಕರೆದೆ. ಬಂದಳು. ತಲೆ ಅರ್ಧ ನೆರೆತಿತ್ತು. ‘ಒಳಗೆ ಬಾಮ್ಮ’ ಎಂದೆ.

ಅವಳು ಹೊಸಿಲಾಚೆಯೇ ನಿಂತು ನನ್ನ ಮುಖ ನೋಡಿ ಮೆತ್ತಗೆ ಕೇಳಿದಳು: ‘ಯಾಕೆ, ಇವತ್ತು ಹುಳ ಇಲ್ವಾ?’